ಮೈಸೂರು ಸಿಗಲ್ಲ, ಜಪಾನ್ ಸಿಗುತ್ತೆ: ಚಿಕ್ಕಬಳ್ಳಾಪುರದ ಮಹಡಿಯಿಂದ ದೂರದ ಹ್ಯಾಮ್ ರೇಡಿಯೋ

"ಅಣ್ಣ, ಇದ್ರಲ್ಲಿ ಎಷ್ಟು ದೂರ ಮಾತಾಡ್ಬೋದು?"

ನಮ್ಮ ಹ್ಯಾಮ್ ಕ್ಲಬ್ಬಿಗೆ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರ ಕೂಟಕ್ಕೆ, ಹೊಸದಾಗಿ ಬಂದವರ ಮೊದಲ ಪ್ರಶ್ನೆ ಯಾವಾಗಲೂ ಇದೇ. ನಾನು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಸೆಟ್ಟನ್ನು 14 ಮೆಗಾಹರ್ಟ್ಸ್‌ಗೆ ತಿರುಗಿಸಿ ಹೆಡ್‌ಫೋನ್ ಕೈಗೆ ಕೊಡುತ್ತೇನೆ. ಹೊತ್ತು ಸರಿಯಿದ್ದರೆ ಸೊಯ್ಯನೆಯ ಸದ್ದಿನ ನಡುವೆ ಒಬ್ಬ ಜಪಾನಿನವನ ದನಿ ಎದ್ದು ಬರುತ್ತದೆ. ಇಲ್ಲಿಂದ ಟೋಕಿಯೋಗೆ ಸುಮಾರು 6,600 ಕಿ.ಮೀ. ಕೇಳಿದವರ ಮುಖ ಅರಳುತ್ತದೆ. ಆಮೇಲೆ ಮೈಸೂರಿನಲ್ಲಿರುವ ಒಬ್ಬ ಗೆಳೆಯರಿಗೆ ಮೊಬೈಲಿನಲ್ಲಿ ಫೋನ್ ಹಚ್ಚಿ, "ಸಾರ್, ಇದೇ ಫ್ರೀಕ್ವೆನ್ಸಿಯಲ್ಲಿ ಒಂದ್ ನಿಮಿಷ ಮಾತಾಡಿ" ಅನ್ನುತ್ತೇನೆ. ಅವರು ಅಲ್ಲಿ ಗಂಟಲು ಹರಿಯುವಂತೆ ಮಾತಾಡುತ್ತಾರೆ. ಇಲ್ಲಿ ಹೆಡ್‌ಫೋನಿನಲ್ಲಿ ಬರೀ ಸೊಯ್ಯ್. ನೇರ ಗೆರೆ ಎಳೆದರೆ ಮೈಸೂರು ಸುಮಾರು 170 ಕಿ.ಮೀ. ಅಷ್ಟೇ.

"ಸೆಟ್ಟು ಕೆಟ್ಟಿದ್ಯಾ?" ಅಂತ ಕೇಳದವರು ಇಲ್ಲ. ಸೆಟ್ಟು ಸರಿಯಾಗೇ ಇದೆ. ಈ ಒಗಟು ಬಿಡಿಸಿಕೊಂಡರೆ ದೂರದ ರೇಡಿಯೋದ ಅರ್ಧ ವಿದ್ಯೆ ಬಂದ ಹಾಗೆ.

ಹೊಟ್ಟೆಪಾಡಿಗೆ ನಾನು ಬೋರ್‌ವೆಲ್ ಮೋಟಾರುಗಳನ್ನು ರಿವೈಂಡಿಂಗ್ ಮಾಡುವವನು, ಎಂಜಿನಿಯರ್ ಅಲ್ಲ. ಹಾಗಾಗಿ ಗಣಿತಕ್ಕಿಂತ ಕೆರೆಯಿಂದ ಶುರು ಮಾಡುತ್ತೇನೆ. ಕಂದವಾರ ಕೆರೆಯ ದಂಡೆಯಲ್ಲಿ ಚಪ್ಪಟೆ ಕಲ್ಲು ಎಸೆದು ಕಪ್ಪೆ ಹಾರಿಸಿದ್ದೀರಲ್ಲ? (ಎಷ್ಟೋ ವರ್ಷ ಆ ಆಟಕ್ಕೆ ಕೆರೆಯಲ್ಲಿ ನೀರೇ ಇರಲಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಬಂದ ಮೇಲೆ ಮತ್ತೆ ಆಡಬಹುದು.) ಕಲ್ಲನ್ನು ನೀರಿಗೆ ಸಮಸಮನಾಗಿ ಬೀಸಿದರೆ ಅದು ಪುಟಿದು ಪುಟಿದು ಹೋಗುತ್ತದೆ. ಮೇಲಿಂದ ನೆಟ್ಟಗೆ ಹಾಕಿದರೆ ಗುಳುಂ. ಇದೇ ಆಟವನ್ನು ತಲೆಕೆಳಗು ಮಾಡಿ, ಕೆರೆ ಆಕಾಶದಲ್ಲಿದೆ ಅಂದುಕೊಳ್ಳಿ. ಸೂರ್ಯನ ಅತಿನೇರಳೆ ಕಿರಣ ಮೇಲಿನ ತೆಳುಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಬಿಡಿಯಾಗಿಸುತ್ತದೆ. ಅಂಥ ಬಿಡಿ ಎಲೆಕ್ಟ್ರಾನುಗಳು ತುಂಬಿದ ಪದರವೇ ಅಯಾನುಗೋಳ. ನಮ್ಮ ತರಂಗ ಅಲ್ಲಿಗೆ ಓರೆಯಾಗಿ, ಸವರಿದಂತೆ ತಾಗಿದರೆ ಬಾಗಿ ಭೂಮಿಗೆ ಮರಳುತ್ತದೆ. ನೆಟ್ಟಗೆ ಹೋದರೆ ತೂರಿಕೊಂಡು ಬಾಹ್ಯಾಕಾಶಕ್ಕೆ ಹೊರಟೇಹೋಗುತ್ತದೆ.

ದೂರದ ಮಾತಿಗೆ ಮುಖ್ಯವಾಗಿ ನೆರವಾಗುವುದು ಎಫ್2 ಎಂಬ ಪದರ. ಸುಮಾರು 300 ಕಿ.ಮೀ. ಎತ್ತರದಲ್ಲಿರುತ್ತದೆ. ಅದರಿಂದ ಒಂದು ಸಲ ಪುಟಿದರೆ ತರಂಗ ಹೆಚ್ಚೆಂದರೆ 4,000 ಕಿ.ಮೀ. ಆಚೆ ಇಳಿಯುತ್ತದೆ. ಜಪಾನಿಗೆ ಎರಡು ನೆಗೆತ ಸಾಕು. ಆದರೆ 14 ಮೆಗಾಹರ್ಟ್ಸ್‌ನಲ್ಲಿ ಮೈಸೂರಿಗೆ ಮಾತು ಇಳಿಸಬೇಕಾದರೆ ತರಂಗವನ್ನು ಹೆಚ್ಚುಕಮ್ಮಿ ನೆತ್ತಿಯ ನೇರಕ್ಕೆ ಕಳಿಸಬೇಕು. ನೆತ್ತಿಗೆ ಹೋದದ್ದು ವಾಪಸ್ ಬರುವುದಿಲ್ಲ. ನೆಲಕ್ಕಂಟಿಕೊಂಡು ಹೋಗುವ ಅಲೆ ಕೆಲವು ಹತ್ತು ಕಿಲೋಮೀಟರಿಗೇ ಸುಸ್ತಾಗುತ್ತದೆ. ಅದು ನಿಂತ ಜಾಗಕ್ಕೂ ಆಕಾಶದ ಅಲೆ ಮೊದಲ ಸಲ ಕಾಲಿಡುವ ಜಾಗಕ್ಕೂ ನಡುವೆ ಉಳಿಯುವ ಕಿವುಡು ಪಟ್ಟಿಗೆ ಸ್ಕಿಪ್ ಜೋನ್ ಅನ್ನುತ್ತಾರೆ. ಮೈಸೂರಿನ ಗೆಳೆಯರು ಪಾಪ ಅದರೊಳಗೆ ಕೂತಿರುತ್ತಾರೆ.

ದೂರದ ಸ್ಟೇಷನ್ ಹಿಡಿಯುವುದಕ್ಕೆ ಹ್ಯಾಮ್‌ಗಳ ಬಾಯಲ್ಲಿರುವ ಹೆಸರು ಡಿಎಕ್ಸ್. ದೂರ ಅನ್ನುವುದರ ತಂತಿಭಾಷೆಯ ಮೊಟಕು ರೂಪ ಅದು. ಡಿಎಕ್ಸ್ ಅಂದರೆ ದೊಡ್ಡ ಟವರ್, ಲಕ್ಷಾಂತರ ರೂಪಾಯಿಯ ಸೆಟ್ಟು ಅಂದುಕೊಂಡು ಬರುವವರಿಗೆ ನಾನು ಹೇಳುವುದು ಒಂದೇ: ಮೊದಲು ಹೊತ್ತು ನೋಡುವುದನ್ನು ಕಲಿಯಿರಿ. ಯಾವ ಊರು ಯಾವ ಬ್ಯಾಂಡಿನಲ್ಲಿ (ಹ್ಯಾಮ್‌ಗಳಿಗೆ ಬಿಟ್ಟ ಫ್ರೀಕ್ವೆನ್ಸಿ ಪಟ್ಟಿಯಲ್ಲಿ) ಯಾವಾಗ ತೆರೆಯುತ್ತದೆ ಅಂತ ಗೊತ್ತಿರುವವನು ಹತ್ತು ವ್ಯಾಟಿನಲ್ಲಿ ಮಾಡಿದ್ದನ್ನು, ಗೊತ್ತಿಲ್ಲದವನು ನೂರು ವ್ಯಾಟಿನಲ್ಲೂ ಮಾಡಲಾರ.

ಹಗಲು, ರಾತ್ರಿ, ಸೂರ್ಯನ ಕಲೆ

ಟ್ರಾನ್ಸಿಸ್ಟರ್ ಕಾಲದವರಿಗೆ ಇದು ನೆನಪಿರಬೇಕು. ಹಗಲು ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಆಕಾಶವಾಣಿ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಕತ್ತಲಾದರೆ ಮುಳ್ಳು ತಿರುಗಿಸಿದಷ್ಟೂ ಗೊತ್ತಿಲ್ಲದ ಭಾಷೆಗಳು. ಸ್ಟೇಷನ್ನುಗಳು ರಾತ್ರಿ ಪವರ್ ಜಾಸ್ತಿ ಮಾಡುತ್ತಾರೆ ಅಂತ ನಮ್ಮಪ್ಪ ನಂಬಿದ್ದರು. ನಿಜವಾದ ಕಾರಣ ಡಿ ಪದರ. ಅದು ಅಯಾನುಗೋಳದ ತಳಮಹಡಿ, 60ರಿಂದ 90 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗಾಳಿ ಇನ್ನೂ ದಟ್ಟ. ತರಂಗದಿಂದ ಅಲುಗಾಡಿದ ಎಲೆಕ್ಟ್ರಾನು ಪಕ್ಕದ ಅಣುವಿಗೆ ಢಿಕ್ಕಿ ಹೊಡೆದು ಆ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಫ್ರೀಕ್ವೆನ್ಸಿ ಕಡಿಮೆಯಾದಷ್ಟೂ ಈ ಕಳ್ಳತನ ಜಾಸ್ತಿ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಡಿ ಪದರ ಕರಗುತ್ತದೆ, ಮೇಲಿನ ಎಫ್ ಪದರ ಮಾತ್ರ ರಾತ್ರಿಯಿಡೀ ತಕ್ಕಮಟ್ಟಿಗೆ ಉಳಿಯುತ್ತದೆ. ಆಗ ಕೆಳಗಿನ ಬ್ಯಾಂಡುಗಳಿಗೆ ದಾರಿ ಬಿಡುವಾಗುತ್ತದೆ.

ಅಡುಗೆಮನೆ ಲೆಕ್ಕ ಹೀಗೆ: 7 ಮೆಗಾಹರ್ಟ್ಸ್, ಅಂದರೆ 40 ಮೀಟರ್ ಬ್ಯಾಂಡು, ಹಗಲು ನಮ್ಮ ರಾಜ್ಯ, ಅಕ್ಕಪಕ್ಕದ ರಾಜ್ಯಗಳ ಹರಟೆಕಟ್ಟೆ, ರಾತ್ರಿ ಯುರೋಪು. 21 ಮತ್ತು 28 ಮೆಗಾಹರ್ಟ್ಸ್ ಸೂರ್ಯನ ಮಕ್ಕಳು. ಬಿಸಿಲಿದ್ದಾಗ ಚುರುಕು, ರಾತ್ರಿ ಬೇಗ ಮಲಗುತ್ತವೆ. 14 ಮೆಗಾಹರ್ಟ್ಸ್, ಅಂದರೆ 20 ಮೀಟರ್, ಇವೆರಡರ ನಡುವಿನ ನಂಬಿಕಸ್ಥ. ನಮ್ಮ ಕಡೆಯಿಂದ ಮಧ್ಯಾಹ್ನ ಇಳಿದ ಮೇಲೆ ರಾತ್ರಿಯವರೆಗೂ ಯುರೋಪು, ಬೆಳಗಿನ ಜಾವದಿಂದ ಅಮೆರಿಕದ ಸಣ್ಣ ಕಿಂಡಿ. ಅಮೆರಿಕ ನಮಗೆ ಕಷ್ಟ. ಭೂಪಟದಲ್ಲಿ ಪಶ್ಚಿಮಕ್ಕೆ ಕಾಣುತ್ತದೆ, ಆದರೆ ಗೋಳದ ಮೇಲೆ ದಾರ ಎಳೆದು ನೋಡಿ: ಅತಿ ಹತ್ತಿರದ ದಾರಿ ಉತ್ತರ ಧ್ರುವದ ಮಗ್ಗುಲಲ್ಲಿ ಹೋಗುತ್ತದೆ. ಧ್ರುವದ ಮೇಲಿನ ಅಯಾನುಗೋಳಕ್ಕೆ ಯಾವಾಗ ಸಿಟ್ಟು ಬರುತ್ತದೋ ಹೇಳಲಾಗದು.

ಆ ಸಿಟ್ಟು ಬರುವುದು ಸೂರ್ಯನಿಂದ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚುತ್ತವೆ, ಇಳಿಯುತ್ತವೆ. ಈಗಿನದು ಲೆಕ್ಕಕ್ಕೆ 25ನೇ ಸುತ್ತು. 2019ರ ಡಿಸೆಂಬರಿನಲ್ಲಿ ಶುರುವಾಯಿತು, 2024ರ ಅಕ್ಟೋಬರ್ ಹೊತ್ತಿಗೆ ಉತ್ತುಂಗದ ಅವಧಿಗೆ ಬಂದಿದೆ ಎಂದು ವಿಜ್ಞಾನಿಗಳು ಸಾರಿದರು. ಕಲೆ ಹೆಚ್ಚಿದ್ದ ವರ್ಷಗಳಲ್ಲಿ 28 ಮೆಗಾಹರ್ಟ್ಸ್‌ನಲ್ಲಿ ಐದು ವ್ಯಾಟಿಗೂ ಖಂಡಾಂತರ. ಕಡಿಮೆ ಇದ್ದ ವರ್ಷಗಳಲ್ಲಿ ಅದೇ ಬ್ಯಾಂಡು ಮದುವೆ ಮುಗಿದ ಛತ್ರ. ಆದರೆ ಸೂರ್ಯ ಜಾಸ್ತಿ ಕೆರಳಿದರೂ ನಷ್ಟ. 2024ರ ಮೇ 10–11ರ ಭೂಕಾಂತ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯಿಂದಲೇ ಕೆಂಪು ಧ್ರುವಪ್ರಭೆ ಕಂಡಿತ್ತು. ಅಂಥ ದಿನ ಬ್ಯಾಂಡು ತಿರುಗಿಸಿದರೆ ಆ್ಯಂಟೆನಾ ಕಿತ್ತುಹೋಗಿದೆಯೇನೋ ಅನ್ನಿಸುತ್ತದೆ. ಅದಕ್ಕೇ ಹ್ಯಾಮ್‌ಗಳು ಬೆಳಗ್ಗೆ ಎದ್ದು ಎರಡು ಸಂಖ್ಯೆ ನೋಡುತ್ತಾರೆ. ಒಂದು ಸೋಲಾರ್ ಫ್ಲಕ್ಸ್, ಅಂದರೆ ಸೂರ್ಯನಿಂದ ಬರುವ ರೇಡಿಯೋ ಅಲೆಯ ಜೋರು; ಅದು ನೂರೈವತ್ತರ ಮೇಲಿದ್ದರೆ ಖುಷಿ. ಇನ್ನೊಂದು ಭೂಕಾಂತದ ಅಲ್ಲೋಲಕಲ್ಲೋಲ ಅಳೆಯುವ, 0ಯಿಂದ 9ರವರೆಗಿನ ಕೆ ಇಂಡೆಕ್ಸ್, ಅದು ಐದು ಮುಟ್ಟಿತೆಂದರೆ ಬಿರುಗಾಳಿ; ಅವತ್ತು ಅಂಗಡಿ ಕೆಲಸ ಮಾಡಿಕೊಳ್ಳುವುದೇ ಮೇಲು.

ಇದೆಲ್ಲ ಎಲ್ಲೋ ವಿದೇಶದ ವಿಜ್ಞಾನ ಅನ್ನಿಸಿದರೆ ನಮ್ಮದೇ ಜಿಲ್ಲೆಯ ಗೌರಿಬಿದನೂರಿಗೆ ಹೋಗಿಬನ್ನಿ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಅಲ್ಲಿ 34.5 ಮೆಗಾಹರ್ಟ್ಸ್‌ನ ರೇಡಿಯೋ ದೂರದರ್ಶಕ ಕಟ್ಟಿದವು. ದುಂಡನೆಯ ದೊಡ್ಡ ತಟ್ಟೆ ಹುಡುಕಬೇಡಿ. ಇಂಗ್ಲಿಷಿನ ಟಿ ಅಕ್ಷರದಂತೆ ಬಯಲಲ್ಲಿ ಸಾಲಾಗಿ ನಿಲ್ಲಿಸಿದ ಸುಮಾರು ಒಂದು ಸಾವಿರ ಡೈಪೋಲುಗಳೇ ಆ ದೂರದರ್ಶಕ. ಹ್ಯಾಮ್ ಮನೆಯ ಮೇಲೆ ಕಟ್ಟುವ ತಂತಿಯ ಅಣ್ಣತಮ್ಮಂದಿರು. 1997ರಿಂದ ಅದೇ ಕೇಂದ್ರದಲ್ಲಿ ಸೂರ್ಯನ ಹೊರಕವಚವನ್ನು ರೇಡಿಯೋ ಅಲೆಗಳಲ್ಲಿ ಚಿತ್ರಿಸುವ ಹೀಲಿಯೋಗ್ರಾಫ್ ಕೂಡ ಇದೆ. ನನಗೆ ಮಜಾ ಅನ್ನಿಸುವುದು ಇದು: ಅವರಿಗೂ ನಮಗೂ ಅಯಾನುಗೋಳ ಒಂದೇ ಚಾವಣಿ. ಒಳಗಿನಿಂದ ಹೋದದ್ದು ಚಾವಣಿಗೆ ತಾಗಿ ವಾಪಸ್ ಬರಲಿ ಅಂತ ನಾವು 30 ಮೆಗಾಹರ್ಟ್ಸ್ ಒಳಗೆ ಆಡುತ್ತೇವೆ. ಹೊರಗಿನದು ಚಾವಣಿ ತೂರಿ ಒಳಗೆ ಬರಲಿ ಅಂತ ಅವರು ಅದಕ್ಕಿಂತ ಮೇಲೆ ಕೂತಿದ್ದಾರೆ.

ಮೊದಲು ಕಿವಿ, ಆಮೇಲೆ ಬಾಯಿ

ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಹಾಗಾಗಿ ಹೊಸಬರ ಮೊದಲ ಕೆಲವು ತಿಂಗಳು ಹೇಗೂ ಕೇಳುವುದಕ್ಕೇ. ಇದನ್ನು ಶಿಕ್ಷೆ ಅಂದುಕೊಳ್ಳಬೇಡಿ, ಕೇಳಿಕೇಳಿಯೇ ಹೊತ್ತಿನ ಅರಿವು ಬರುವುದು. ಸಾಧಾರಣ ಶಾರ್ಟ್‌ವೇವ್ ರೇಡಿಯೋದಲ್ಲಿ ಹ್ಯಾಮ್ ಮಾತು ಬಾತುಕೋಳಿ ವಟಗುಟ್ಟಿದಂತೆ ಕೇಳುತ್ತದೆ, ಯಾಕೆಂದರೆ ನಾವು ಬಳಸುವುದು ಸಿಂಗಲ್ ಸೈಡ್‌ಬ್ಯಾಂಡ್. ಮಾತನ್ನು ಹೊರುವ ಕ್ಯಾರಿಯರ್ ಅಲೆಯನ್ನೂ ಅದರ ಎರಡು ಪಕ್ಕಗಳಲ್ಲಿ ಒಂದನ್ನೂ ಕತ್ತರಿಸಿ, ಉಳಿದ ಒಂದು ಪಕ್ಕಕ್ಕೆ ಪೂರ್ತಿ ಪವರ್ ಹಾಕುವ ವಿಧಾನ ಅದು. ಆ ಕತ್ತರಿಸಿದ ಕ್ಯಾರಿಯರನ್ನು ರಿಸೀವರ್ ತಾನೇ ಮತ್ತೆ ಸೇರಿಸಿಕೊಳ್ಳಬೇಕು. ಆದ್ದರಿಂದ ರೇಡಿಯೋ ಕೊಳ್ಳುವಾಗ ಎಸ್‌ಎಸ್‌ಬಿ ಇದೆಯಾ ಅಂತ ಕೇಳಿ. 10 ಮೆಗಾಹರ್ಟ್ಸ್‌ಗಿಂತ ಮೇಲೆ ಮೇಲಿನ ಪಕ್ಕ, ಕೆಳಗೆ ಕೆಳಪಕ್ಕ ಅನ್ನುವುದು ರೂಢಿ. ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕಾದರೆ ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್ ರಿಸೀವರನ್ನು ಮೊಬೈಲಿನಲ್ಲೇ ತಿರುಗಿಸಬಹುದು. ಅದು ಅವರ ಆಕಾಶ, ನಮ್ಮದಲ್ಲ ಅನ್ನುವುದು ನೆನಪಿರಲಿ.

ಕಲಿಯುವವರಿಗೆ ನಾನು ಮೊದಲು ತೋರಿಸುವುದು 14.100 ಮೆಗಾಹರ್ಟ್ಸ್. ಅಲ್ಲಿ ಯಾರೂ ಮಾತಾಡುವುದಿಲ್ಲ, ಮಾತಾಡಲೂ ಬಾರದು. ಜಗತ್ತಿನ 18 ಕಡೆ ಇಟ್ಟಿರುವ ಬೀಕನ್ನುಗಳು, ಅಂದರೆ ತಾವಾಗಿಯೇ ಸಿಗ್ನಲ್ ಕಳಿಸುವ ಗುರುತಿನ ಸ್ಟೇಷನ್ನುಗಳು, ಸರದಿಯಂತೆ ತಲಾ ಹತ್ತು ಸೆಕೆಂಡು ಕೂಗುತ್ತವೆ. ಮೂರು ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಕೊಲಂಬೊ, ಜಪಾನ್, ಆಸ್ಟ್ರೇಲಿಯಾ, ಕೀನ್ಯಾ, ದಕ್ಷಿಣ ಆಫ್ರಿಕಾ, ಫಿನ್‌ಲೆಂಡ್ ಎಲ್ಲ ಇದರಲ್ಲಿವೆ. ಮೂರು ನಿಮಿಷ ಕಿವಿಗೊಟ್ಟರೆ ಈ ಕ್ಷಣ ಯಾವ ದಿಕ್ಕು ತೆರೆದಿದೆ ಅಂತ ಗೊತ್ತಾಗಿಹೋಗುತ್ತದೆ. ಇನ್ನೊಂದು ಚಮತ್ಕಾರವೂ ಇದೆ. ಪ್ರತಿ ಬೀಕನ್ ತನ್ನ ಹೆಸರನ್ನು ಮೋರ್ಸಿನಲ್ಲಿ (ಚುಕ್ಕೆ, ಗೆರೆಗಳ ತಂತಿಭಾಷೆಯಲ್ಲಿ) 100 ವ್ಯಾಟಿನಲ್ಲಿ ಹೇಳಿ, ಆಮೇಲೆ ನಾಲ್ಕು ಉದ್ದ ಗೆರೆ ಎಳೆಯುತ್ತದೆ: ಮೊದಲನೆಯದು 100 ವ್ಯಾಟ್, ಎರಡನೆಯದು 10, ಮೂರನೆಯದು 1, ಕಡೆಯದು 0.1 ವ್ಯಾಟ್.

ಒಂದು ಸಂಜೆ ಡಿಪ್ಲೊಮಾ ಓದುವ ಹುಡುಗನೊಬ್ಬನಿಗೆ ಇದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಬೆರಳು ಮಡಚುತ್ತಾ ಕೂತಿದ್ದ. "ಅಣ್ಣ, ಮೂರು ಕೇಳ್ತು. ನಾಲ್ಕನೇದು ಇತ್ತೋ ಇಲ್ವೋ ಡೌಟು."

"ಮೂರನೇದು ಎಷ್ಟು ವ್ಯಾಟು?"

"ಒಂದು." ಒಂದು ಕ್ಷಣ ಸುಮ್ಮನಿದ್ದು, "ಒಂದು ವ್ಯಾಟಾ? ನಮ್ಮನೆ ದೇವರ ಮನೆ ಬಲ್ಬೇ ಅದಕ್ಕಿಂತ ಜಾಸ್ತಿ!" ಅಂದ.

ಹಾಗೇ ಇರುವುದು. ಪವರ್ ಹತ್ತು ಪಟ್ಟು ಮಾಡಿದರೆ ಏರುವುದು 10 ಡೆಸಿಬೆಲ್. ಸಿಗ್ನಲ್ಲಿನ ಜೋರು ತೋರಿಸುವ ಸೆಟ್ಟಿನ ಎಸ್ ಮೀಟರಿನಲ್ಲಿ ಒಂದೊಂದು ಮನೆಗೂ ಲೆಕ್ಕಪ್ರಕಾರ 6 ಡೆಸಿಬೆಲ್, ಅಂದರೆ ಹತ್ತು ಪಟ್ಟು ಪವರಿಗೆ ಮುಳ್ಳು ಎರಡು ಮನೆ ಕೂಡ ಸರಿಯುವುದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಸೆಟ್ಟುಗಳು ಕೆಲವೇ ವ್ಯಾಟಿನವು. ಕೈಯಿಂದಲೇ ಬೆಸುಗೆ ಹಾಕಿ ಕಟ್ಟುವಂಥ ಆ ಸರ್ಕ್ಯೂಟ್ ಲೋಕದ ತುಂಬ ಹರಡಿತು, ಅದರಲ್ಲಿ ಡಿಎಕ್ಸ್ ಮಾಡಿದವರು ಎಷ್ಟೋ ಮಂದಿ. ಹೊಸಬರು ಮೊದಲ ದುಡ್ಡನ್ನು ಆಂಪ್ಲಿಫೈಯರಿಗೆ ಸುರಿಯುವುದು ನನಗೆ ಹೊಟ್ಟೆ ಉರಿಸುವ ವಿಷಯ.

ಲೈಸೆನ್ಸಿನ ದಾರಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 12 ವರ್ಷ ತುಂಬಿದವರು ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬಹುದು. ಅರ್ಜಿ ಸರಳ್ ಸಂಚಾರ್ ಪೋರ್ಟಲಿನಲ್ಲಿ, ನಮ್ಮ ಕಡೆಯವರಿಗೆ ಪರೀಕ್ಷೆ ಬೆಂಗಳೂರಿನಲ್ಲಿ. ಎಲೆಕ್ಟ್ರಿಸಿಟಿ ಮತ್ತು ರೇಡಿಯೋದ ಮೂಲಪಾಠ ಒಂದು ಕಡೆ, ನಿಯಮಗಳು ಇನ್ನೊಂದು ಕಡೆ. ರಿಸ್ಟ್ರಿಕ್ಟೆಡ್, ಜನರಲ್ ಎಂದು ಎರಡು ದರ್ಜೆ. ರಿಸ್ಟ್ರಿಕ್ಟೆಡ್‌ಗೆ ಪವರ್ ಮಿತಿ ಕಡಿಮೆ, ಮೋರ್ಸ್ ಬೇಕಿಲ್ಲ, ಕಾಲ್‌ಸೈನ್ (ಅಲೆಯ ಮೇಲೆ ನಿಮ್ಮನ್ನು ಗುರುತಿಸುವ ಅಕ್ಷರ, ಅಂಕಿಗಳ ಹೆಸರು) ವಿಯು3 ಅಂತ ಶುರುವಾಗುತ್ತದೆ. ಮೋರ್ಸ್ ಪರೀಕ್ಷೆಯನ್ನೂ ಪಾಸು ಮಾಡಿ ಜನರಲ್ ಪಡೆದವರದು ವಿಯು2. ಪುಸ್ತಕದಲ್ಲಿ ಅರ್ಥವಾಗದ್ದನ್ನು ಕ್ಲಬ್ಬಿನಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ವ್ಯಾಪಾರ, ರಾಜಕೀಯ, ಹಾಡು ಹಾಕುವುದು, ಗುಟ್ಟಿನ ಸಂಕೇತ ಭಾಷೆ, ಇವೆಲ್ಲ ಹ್ಯಾಮ್ ಅಲೆಯಲ್ಲಿ ನಿಷಿದ್ಧ. ಟೊಮೆಟೊ ರೇಟು ಕೇಳುವುದಿದ್ದರೆ ಫೋನಿನಲ್ಲೇ ಕೇಳಬೇಕು.

ತಂತಿಯ ಮಾತು

ಇದು ನನ್ನ ಕಸುಬಿಗೆ ಹತ್ತಿರದ್ದು, ಸ್ವಲ್ಪ ವಿಸ್ತಾರವಾಗಿ ಹೇಳಲು ಬಿಡಿ. ಡಿಎಕ್ಸ್‌ಗೆ ಮೊದಲ ಆ್ಯಂಟೆನಾ ಡೈಪೋಲ್. ಎರಡು ತುಂಡು ತಂತಿ, ನಡುವೆ ಕೋಆಕ್ಸ್ ಕೇಬಲ್ಲು, ಅಷ್ಟೇ. ಮೀಟರಿನಲ್ಲಿ ಒಟ್ಟು ಉದ್ದ ಬೇಕಾದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 14.2ಕ್ಕೆ ಸುಮಾರು 10.07 ಮೀಟರ್, ಅಂದರೆ ಒಂದೊಂದು ಕೈ ಐದು ಮೀಟರಿನ ಚೂರು ಮೇಲೆ. ಸಬ್‌ಮರ್ಸಿಬಲ್ ಮೋಟಾರಿಗೆ ಹಾಕುವ, ಪ್ಲಾಸ್ಟಿಕ್ ಸುತ್ತಿದ ತಾಮ್ರದ ವೈಂಡಿಂಗ್ ತಂತಿ ಇದಕ್ಕೆ ಹೇಳಿ ಮಾಡಿಸಿದ್ದು. ನೀರೊಳಗೇ ವರ್ಷಗಟ್ಟಲೆ ಬಾಳುವುದು ಮಳೆಗೆ ಹೆದರುತ್ತದೆಯೇ? ಆದರೆ ಎರಡು ಎಚ್ಚರ. ಹೊದಿಕೆಯಿದ್ದ ತಂತಿಯಲ್ಲಿ ಅಲೆ ಸ್ವಲ್ಪ ನಿಧಾನ, ಆದ್ದರಿಂದ ಲೆಕ್ಕಕ್ಕಿಂತ ಎರಡು ಮೂರು ಶೇಕಡಾ ಗಿಡ್ಡವೇ ಸರಿಹೋಗುತ್ತದೆ. ಎರಡನೆಯದು ನಾನು ಪೆಟ್ಟು ತಿಂದು ಕಲಿತದ್ದು. ವೈಂಡಿಂಗ್ ತಾಮ್ರ ಮೆತ್ತಗಿರುತ್ತದೆ. ನನ್ನ ಮೊದಲ ಡೈಪೋಲನ್ನು ಬಿಗಿಯಾಗಿ ಎಳೆದು ಕಟ್ಟಿದ್ದೆ, ಎಸ್‌ಡಬ್ಲ್ಯುಆರ್ ಒಂದೂಕಾಲಿಗೆ ಬಂದು ನಿಂತಿತ್ತು (ತಂತಿ ಸೆಟ್ಟಿಗೆ ಎಷ್ಟು ಹೊಂದಿದೆ ಅನ್ನುವ ಅಳತೆ ಅದು, ಒಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು). ಆಷಾಢದ ಗಾಳಿ ಮುಗಿಯುವ ಹೊತ್ತಿಗೆ ಮೀಟರು ಎರಡು ದಾಟಿತು. ಸೆಟ್ಟು ಹೋಯಿತೆಂದು ಎರಡು ದಿನ ಸ್ಕ್ರೂ ಬಿಚ್ಚಿ ಕೂತೆ. ಕಡೆಗೆ ತಂತಿ ಇಳಿಸಿ ಟೇಪು ಹಿಡಿದರೆ ಒಂದೊಂದು ಕೈಯೂ ಅರ್ಧ ಅಡಿಯ ಹತ್ತಿರ ಉದ್ದವಾಗಿತ್ತು! ಈಗ ಒಂದು ತುದಿಯ ಹಗ್ಗಕ್ಕೆ ರಾಟೆ ಹಾಕಿ, ಅದಕ್ಕೆ ಮರಳು ತುಂಬಿದ ನೀರಿನ ಬಾಟಲಿ ತೂಗುಬಿಡುತ್ತೇನೆ. ಗಾಳಿ ಬಂದರೆ ಬಾಟಲಿ ಏರುತ್ತದೆ, ತಂತಿ ನೋಯುವುದಿಲ್ಲ.

ಕಂಬಕ್ಕೆ ಪರದಾಡಬೇಕಿಲ್ಲ. ತೋಟದವರಾದರೆ ನೀಲಗಿರಿ ಮರ, ತೆಂಗು, ಗಟ್ಟಿ ಬಿದಿರ ಗಳ ಇದ್ದೇ ಇರುತ್ತದೆ. ದ್ರಾಕ್ಷಿ ಚಪ್ಪರದ ಕಲ್ಲುಕಂಬ ಮಾತ್ರ ಗಿಡ್ಡವಾಯಿತು. ಎತ್ತರ ಯಾಕೆ ಬೇಕು ಅನ್ನುವುದು ಮತ್ತೆ ಆ ಕೆರೆಯ ಕಲ್ಲಿನ ಲೆಕ್ಕ: ಡೈಪೋಲ್ ಅರ್ಧ ತರಂಗದಷ್ಟು ಮೇಲಿದ್ದರೆ, 14 ಮೆಗಾಹರ್ಟ್ಸ್‌ಗೆ ಹತ್ತು ಮೀಟರ್, ಶಕ್ತಿ ದಿಗಂತದ ಕಡೆ ಓರೆಯಾಗಿ ಹೊರಡುತ್ತದೆ. ತೀರಾ ಕೆಳಗಿದ್ದರೆ ನೆತ್ತಿಗೆ ಹೋಗುತ್ತದೆ. ದಿಕ್ಕೂ ಮುಖ್ಯ. ಡೈಪೋಲಿನ ಜೋರು ತುದಿಗಳ ಕಡೆ ಅಲ್ಲ, ಮಗ್ಗುಲ ಕಡೆ. ನಮ್ಮ ಊರಿಂದ ಯುರೋಪು ವಾಯವ್ಯಕ್ಕಿದೆ, ಆಸ್ಟ್ರೇಲಿಯಾದ ಪರ್ತ್ ಆಗ್ನೇಯಕ್ಕೆ. ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಕಟ್ಟಿದರೆ ಒಂದೇ ತಂತಿಗೆ ಎರಡೂ ಸಿಕ್ಕವು. ವಾಸ್ತು ನೋಡುವ ನಮ್ಮ ಪಕ್ಕದ ಮನೆಯವರಿಗೆ ಇದನ್ನು ಹೇಳಿದಾಗಿನಿಂದ ನನ್ನ ಮೇಲೆ ಗೌರವ ಹೆಚ್ಚಾಗಿದೆ.

ಕೆ.ಇ.ಬಿ. ಲೈನು ಹತ್ತಿರವಿರುವ ಕಡೆ ತಂತಿ ಎಸೆಯಲೇಬೇಡಿ, ತಂತಿ ಹಾರಿ ಲೈನಿಗೆ ತಾಗಿದರೆ ಎರಡನೇ ಅವಕಾಶ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗು ಕೇಳುವ ಮೊದಲೇ ಕೇಬಲನ್ನು ಸೆಟ್ಟಿನಿಂದ ಕಿತ್ತು ಹೊರಗಿಡಿ. ನಂದಿಬೆಟ್ಟದ ತುದಿಗೆ ಹೋದರೆ ಇನ್ನೂ ದೂರ ಸಿಗುತ್ತಾ ಅಂತ ಕೇಳುವವರಿದ್ದಾರೆ. 1,478 ಮೀಟರಿನ ಆ ಎತ್ತರ 144 ಮೆಗಾಹರ್ಟ್ಸ್‌ನ ಕೈಸೆಟ್ಟಿಗೆ ವರದಾನ, ಅದು ಕಣ್ಣಳತೆಯಲ್ಲಿ ಹೋಗುವ ಅಲೆ. ಖಂಡಾಂತರಕ್ಕೆ ಮನೆಯ ಮಹಡಿಯೇ ಸಾಕು.

ತಂತಿ ಸರಿಯಾದ ಮೇಲೂ ಒಂದು ಶತ್ರು ಉಳಿಯುತ್ತದೆ, ಅದು ಗದ್ದಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್, ಸೋಲಾರ್ ಪಂಪಿನ ಕಂಟ್ರೋಲರ್ ಎಲ್ಲವೂ ಒಳಗೊಳಗೇ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತ ಬ್ಯಾಂಡಿನ ಮೇಲೆ ಕೊಳಕು ಚೆಲ್ಲುತ್ತವೆ. ಅದಕ್ಕೇ ಊರೆಲ್ಲ ಬೈದುಕೊಳ್ಳುವ ಪವರ್ ಕಟ್ ನಮಗೆ ಹಬ್ಬ. ಕರೆಂಟು ಹೋಗುತ್ತಿದ್ದಂತೆ ಮನೆಯವರ ಇನ್ವರ್ಟರನ್ನೂ ಆಫ್ ಮಾಡಿ ಬೈಸಿಕೊಂಡು, ಹನ್ನೆರಡು ವೋಲ್ಟಿನ ಬ್ಯಾಟರಿಗೆ ಸೆಟ್ಟು ಸಿಕ್ಕಿಸಿದರೆ ಆ ಸೊಯ್ಯ್ ಸದ್ದು ಇಳಿದುಹೋಗುತ್ತದೆ. ತಳದಲ್ಲಿ ಹೂತಿದ್ದ ದನಿಗಳು ಕೆರೆ ಬತ್ತಿದಾಗ ಕಲ್ಲು ಮಂಟಪ ಕಂಡ ಹಾಗೆ ಒಂದೊಂದೇ ಕಾಣಿಸುತ್ತವೆ.

ಕರೆಯುವ ರೀತಿ

ಲೈಸೆನ್ಸ್ ಬಂತು, ಕೈ ನಡುಗುತ್ತಿದೆ, ಏನು ಹೇಳಬೇಕು? "ಸಿಕ್ಯೂ ಡಿಎಕ್ಸ್" ಅಂದರೆ ದೂರದವರು ಯಾರಾದರೂ ಬನ್ನಿ ಅನ್ನುವ ಕರೆ. ಅದಕ್ಕೂ ಮುಂಚೆ ಆ ಜಾಗ ಖಾಲಿಯಿದೆಯಾ ಅಂತ ಎರಡು ಸಲ ಕೇಳಬೇಕು; ನಿಮಗೆ ಕೇಳಿಸದ ಒಬ್ಬ ಸ್ಕಿಪ್ ಜೋನಿನಲ್ಲಿ ಕೂತು ಮಾತಾಡುತ್ತಿರಬಹುದು. ಉತ್ತರ ಬಂದರೆ ಅವರ ಕಾಲ್‌ಸೈನ್, ನಿಮ್ಮ ಕಾಲ್‌ಸೈನ್, ಸಿಗ್ನಲ್ ವರದಿ, ಹೆಸರು, ಊರು. ವರದಿಯಲ್ಲಿ ಮಾತಿನ ಸ್ಪಷ್ಟತೆಗೆ ಐದರೊಳಗೆ ಒಂದು ಅಂಕ, ಜೋರಿಗೆ ಒಂಬತ್ತರೊಳಗೆ ಒಂದು. ಕೊನೆಗೆ "ಸೆವೆಂಟಿ ತ್ರೀ", ಶುಭಾಶಯ. ಅಲೆಯ ಮೇಲೆ ಗಂಡಸರೆಲ್ಲ ಓಎಂ, ಅಂದರೆ ಓಲ್ಡ್ ಮ್ಯಾನ್. ಹನ್ನೆರಡರ ಹುಡುಗನೂ ಮುದುಕನೇ. ಹೆಂಗಸರೆಲ್ಲ ವೈಎಲ್, ಯಂಗ್ ಲೇಡಿ. ಎಪ್ಪತ್ತರ ಅಜ್ಜಿಯೂ ಯುವತಿ. ವಯಸ್ಸು ಕೇಳಿ ಸಂಬಂಧ ಹಚ್ಚುವ ನಮ್ಮ ಕಡೆಯವರಿಗೆ ಇದು ಒಗ್ಗಲು ಸ್ವಲ್ಪ ದಿನ ಬೇಕು.

ಅಪರೂಪದ ದ್ವೀಪದಿಂದ ಯಾರಾದರೂ ಬಂದರೆ ನೂರಾರು ಜನ ಒಟ್ಟಿಗೆ ಕರೆಯುತ್ತಾರೆ. ಇದಕ್ಕೆ ಪೈಲಪ್ ಎನ್ನುತ್ತಾರೆ. ಬೆಳಗಿನ ಜಾವದ ನಮ್ಮ ಹೂವಿನ ಮಾರುಕಟ್ಟೆ ನೋಡಿದವರಿಗೆ ವಿವರಿಸಬೇಕಿಲ್ಲ. ಅಲ್ಲಿ ಗೆಲ್ಲುವವನು ಜೋರಾಗಿ ಕೂಗುವವನಲ್ಲ, ಎಲ್ಲರೂ ಉಸಿರೆಳೆದುಕೊಳ್ಳುವ ಅರೆಕ್ಷಣದಲ್ಲಿ ಹೆಸರು ತೂರಿಸುವವನು. ಆ ಕಡೆಯವನು "ಅಪ್ ಫೈವ್" ಅಂದರೆ, ನಾನು ಇಲ್ಲಿ ಮಾತಾಡುತ್ತೇನೆ, ಐದು ಕಿಲೋಹರ್ಟ್ಸ್ ಮೇಲೆ ಕೇಳುತ್ತೇನೆ ಅಂತ ಅರ್ಥ. ಅದನ್ನು ಕೇಳಿಸಿಕೊಳ್ಳದೆ ಅವನ ತಲೆಯ ಮೇಲೇ ಕೂಗಿದರೆ ಲೋಕದ ಮೂಲೆಮೂಲೆಯಿಂದ "ಅಪ್! ಅಪ್!" ಎಂದು ಬೈಗುಳ ಬರುತ್ತದೆ. ನನಗೂ ಬಂದಿದೆ.

ಇಂಥ ಅಪರೂಪದ ಜಾಗ ನಮ್ಮ ದೇಶದಲ್ಲೇ ಇದೆ. ಹ್ಯಾಮ್ ಲೆಕ್ಕದಲ್ಲಿ ಅಂಡಮಾನ್ ಬೇರೆಯೇ ಎಂಟಿಟಿ, ಅಂದರೆ ಬೇರೆ ದೇಶವಿದ್ದಂತೆ; ಕಾಲ್‌ಸೈನ್ ವಿಯು4, ಲಕ್ಷದ್ವೀಪ ವಿಯು7. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರಿಗೆ ಹೋಗಿದ್ದು ಇದೇ ಡಿಎಕ್ಸ್‌ಗೆ. ಲೋಕವೆಲ್ಲ ಅವರನ್ನು ಕರೆಯುತ್ತಿದ್ದಾಗ 26ನೇ ತಾರೀಕು ಭೂಕಂಪ, ಸುನಾಮಿ. ದ್ವೀಪದ ಫೋನುಗಳು ಸತ್ತವು. ಆಟಕ್ಕೆಂದು ಕಟ್ಟಿದ ಅದೇ ಆ್ಯಂಟೆನಾ, ಅದೇ ಸೆಟ್ಟು, ಅವತ್ತಿನಿಂದ ಬದುಕಿದವರ ಸುದ್ದಿ ಮುಟ್ಟಿಸುವ ಕೆಲಸಕ್ಕೆ ನಿಂತವು.

ಚಿಕ್ಕಬಳ್ಳಾಪುರವೇನೂ ಅಂಡಮಾನ್ ಅಲ್ಲ. ಆದರೂ ಯುರೋಪಿನವನಿಗೆ ವಿಯು ಅಂದರೆ ದೂರದ ಊರೇ. ಲೋಕವನ್ನು ಚೌಕಗಳಾಗಿ ಕತ್ತರಿಸಿದ ಗ್ರಿಡ್ ಲೆಕ್ಕದಲ್ಲಿ ನಾವು ಎಂಕೆ83, ತುಮಕೂರೂ ಅದೇ ಚೌಕ. ಕೋಲಾರ ಪಕ್ಕದ ಎಂಕೆ93. 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯನ್ನೇ ಸೀಳುವುದರಿಂದ ಚಿಂತಾಮಣಿಯೂ ಕೋಲಾರದ ಜೊತೆ ಹೋಗುತ್ತದೆ. ಹಳೆಯ ಅವಿಭಜಿತ ಜಿಲ್ಲೆಯ ಋಣ ಇರಬೇಕು! ನಾಚಿಕೆಯ ಹುಡುಗರಿಗೆ ಎಫ್‌ಟಿ8 ಇದೆ. 2017ರಲ್ಲಿ ಬಂದದ್ದು. ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್, ಅವರ ಜೊತೆಗೆ ಸ್ಟೀವ್ ಫ್ರಾಂಕ್ ಸೇರಿ ರೂಪಿಸಿದರು. ಕಂಪ್ಯೂಟರುಗಳು 15 ಸೆಕೆಂಡಿನ ಸರದಿಯಲ್ಲಿ ಕಾಲ್‌ಸೈನು, ಗ್ರಿಡ್ಡು, ವರದಿ ಬದಲಿಸಿಕೊಳ್ಳುತ್ತವೆ. ಕಿವಿಗೆ ಕೇಳಿಸದಷ್ಟು ಹೂತ ಸಿಗ್ನಲ್ಲನ್ನೂ ಎತ್ತುತ್ತವೆ. ಬ್ಯಾಂಡು ತೆರೆದಿದೆಯೇ ನೋಡಲು ಇದಕ್ಕಿಂತ ಚುರುಕು ಬೇರಿಲ್ಲ. ನನಗೆ ಮಾತ್ರ ಮನುಷ್ಯನ ದನಿ ಬೇಕು.

ಒಂದು ಕೊನೆಯ ಎಚ್ಚರ, ಗಡಿಯಾರದ್ದು. ಸಂಪರ್ಕಗಳನ್ನು ದಾಖಲಿಸುವ ಲಾಗ್ ಪುಸ್ತಕದಲ್ಲಿ ಹೊತ್ತನ್ನು ಬರೆಯಬೇಕಾದ್ದು ಯುಟಿಸಿಯಲ್ಲಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಹೊತ್ತಿನಲ್ಲಿ; ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ನನ್ನ ಮೊದಲ ಹನ್ನೊಂದು ಸಂಪರ್ಕಗಳನ್ನು ಗೋಡೆ ಗಡಿಯಾರ ನೋಡಿ ಬರೆದುಕೊಂಡು, ಚಂದದ ಕ್ಯೂಎಸ್ಎಲ್ ಕಾರ್ಡು ಅಚ್ಚು ಹಾಕಿಸಿ ಕಳಿಸಿದೆ. ಸಂಪರ್ಕ ನಡೆದದ್ದಕ್ಕೆ ಸಾಕ್ಷಿಯಾಗಿ ಇಬ್ಬರೂ ಬದಲಿಸಿಕೊಳ್ಳುವ ಕಾರ್ಡು ಅದು. ನಮ್ಮ ಬೆಳಗಿನ ಐದು ಗಂಟೆ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ, ತಾರೀಕೇ ಬೇರೆ. ಫಿನ್‌ಲೆಂಡಿನಿಂದ ಕಾರ್ಡು ಹಿಂದಕ್ಕೆ ಬಂತು, ಮೇಲೆ ಪೆನ್ಸಿಲಿನಲ್ಲಿ "ಲಾಗ್‌ನಲ್ಲಿ ಇಲ್ಲ" ಎಂದು. ಆ ಕಾರ್ಡನ್ನು ಈಗಲೂ ಸೆಟ್ಟಿನ ಪಕ್ಕ ಅಂಟಿಸಿಕೊಂಡಿದ್ದೇನೆ, ಅದರ ಮೇಲೆ ಯುಟಿಸಿ ಗಡಿಯಾರ.

ಬೀಕನ್ ಕೇಳಿದ ಆ ಹುಡುಗನಿಗೆ ಈಗ ವಿಯು3 ಬಂದಿದೆ. ಮೊನ್ನೆ ಕ್ಲಬ್ಬಿಗೆ ಬಂದವನು ಇಟಲಿ, ರಷ್ಯಾ, ಜಪಾನ್ ಎಲ್ಲ ಆಯ್ತು ಅಂತ ಲಾಗ್ ತೋರಿಸಿ, "ಅಣ್ಣ, ಮೈಸೂರಿಗೆ ಯಾವಾಗ?" ಎಂದ. ಅದಕ್ಕೆ 7 ಮೆಗಾಹರ್ಟ್ಸ್ ಬೇಕು, ಹಗಲು ಹತ್ತು ಗಂಟೆಯ ಹೊತ್ತು ಬೇಕು. ತಂತಿ ಇಪ್ಪತ್ತು ಮೀಟರ್, ಕಟ್ಟುವುದು ತಲೆಗಿಂತ ಸ್ವಲ್ಪವೇ ಮೇಲೆ. ಆ ಫ್ರೀಕ್ವೆನ್ಸಿಯಲ್ಲಿ ನೆತ್ತಿಗೆ ಹೋದದ್ದೂ ಹಗಲು ವಾಪಸ್ ಬೀಳುತ್ತದೆ, ಕಾರಂಜಿಯ ನೀರು ಸುತ್ತಲೂ ಬಿದ್ದ ಹಾಗೆ. ಅವರ ದ್ರಾಕ್ಷಿ ತೋಟದ ಕಲ್ಲುಕಂಬಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಭಾನುವಾರಕ್ಕೆ ಎರಡು ಗಳ, ಒಂದು ಉಂಡೆ ಸುತಳಿ ತರಲು ಹೇಳಿದ್ದೇನೆ. ವೈಂಡಿಂಗ್ ತಂತಿ ಅಂಗಡಿಯಲ್ಲಿದೆ.